ಸ್ನೇಹದ ಮೂಲಕ ಸುವಾರ್ತೆ: ಕರಾವಳಿಯ ಚರ್ಚುಗಳಲ್ಲಿ ಕೇಳಿಬರುವ ಈ ಮಾತಿನ ಅರ್ಥವೇನು?

ಡಿಸೆಂಬರ್ ಬಂತೆಂದರೆ ಕಾರವಾರದ ಕೋಡಿಬಾಗದಿಂದ ಭಟ್ಕಳದವರೆಗೂ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರದ ಗೂಡುದೀಪ ತೂಗುತ್ತದೆ. ಅದರ ಜೊತೆಗೇ ಅಕ್ಕಪಕ್ಕದ ಮನೆಗಳಿಗೆ ಕರೆಯೂ ಹೋಗುತ್ತದೆ. ‘ಇಪ್ಪತ್ನಾಲ್ಕರ ರಾತ್ರಿ ಇಗರ್ಜಿಗೆ (ಚರ್ಚಿಗೆ) ಬನ್ನಿ’, ‘ನಮ್ಮ ಸಭೆಯಲ್ಲಿ ಕ್ಯಾರಲ್ ಹಾಡು ಇದೆ, ಮಕ್ಕಳನ್ನೂ ಕರೆದುಕೊಂಡು ಬನ್ನಿ.’ ಹಿಂದೆ ಇಂಥ ಕರೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಹಲವರು ಯೋಚಿಸುತ್ತಾರೆ. ಕರೆದವರ ಮನಸ್ಸಿನಲ್ಲಿ ಏನಿದೆ? ಹೋದರೆ ಏನಾಗುತ್ತದೆ? ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರಾ? ‘ಇದು ಮತಾಂತರದ ಮೊದಲ ಮೆಟ್ಟಿಲು’ ಎಂಬ ಸಂದೇಶ ಅಷ್ಟರಲ್ಲೇ ವಾಟ್ಸಾಪಿನಲ್ಲಿ ಬಂದಿರುತ್ತದೆ.

ಚರ್ಚಿನ ಒಳಗೂ ಗೊಂದಲ ಕಡಿಮೆಯಿಲ್ಲ. ಭಾನುವಾರದ ಪ್ರಸಂಗದಲ್ಲಿ ಫಾದರೋ ಪಾಸ್ಟರೋ ‘ಸಂಬಂಧದ ಮೂಲಕ ಸಾಕ್ಷಿ ಕೊಡಿ’ ಎನ್ನುತ್ತಾರೆ. ಬೆಂಚಿನಲ್ಲಿ ಕೂತವರಿಗೆ ಅನುಮಾನ ಹುಟ್ಟುತ್ತದೆ. ಪಕ್ಕದ ಮನೆಯವರ ಜೊತೆ ಮಾತಾಡುವುದಕ್ಕೂ ಈಗ ಒಂದು ಯೋಜನೆ ಬೇಕೆ? ಇಷ್ಟು ವರ್ಷ ಒಟ್ಟಿಗೆ ಮೀನು ಮಾರ್ಕೆಟಿಗೆ ಹೋದವರನ್ನು ಇನ್ನು ಮೇಲೆ ಬೇರೆ ಕಣ್ಣಿಂದ ನೋಡಬೇಕೆ?

ಎರಡೂ ಕಡೆಯ ಪ್ರಶ್ನೆಗಳು ನ್ಯಾಯವಾದವು. ಹತ್ತಿರ ಹತ್ತಿರ ಮನೆ ಕಟ್ಟಿಕೊಂಡು ಬದುಕುವ ನಮ್ಮಂಥ ಊರುಗಳಲ್ಲಿ ಇವು ಉತ್ತರವಿಲ್ಲದೆ ಉಳಿದರೆ ಸಂಶಯ ಬೆಳೆಯುತ್ತದೆ. ಹಾಗಾಗಿ ಬುಡದಿಂದ ನೋಡೋಣ.

## ಮೊದಲು ಕೆಲವು ಪದಗಳು

ಯೇಸುಕ್ರಿಸ್ತನ ಬದುಕು, ಬೋಧನೆ, ಶಿಲುಬೆಯ ಮರಣ ಮತ್ತು ಪುನರುತ್ಥಾನದ ಸುದ್ದಿಯನ್ನು ಕ್ರೈಸ್ತರು ಸುವಾರ್ತೆ ಎನ್ನುತ್ತಾರೆ. ಅದನ್ನು ಇನ್ನೊಬ್ಬರಿಗೆ ತಿಳಿಸುವುದು ಪ್ರತಿ ಕ್ರೈಸ್ತನ ಕರ್ತವ್ಯ ಎಂದು ಎಲ್ಲ ಪಂಗಡಗಳೂ ನಂಬುತ್ತವೆ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಯೇಸು ಶಿಷ್ಯರಿಗೆ ಕೊಟ್ಟ ಅಪ್ಪಣೆಯೇ ಇದಕ್ಕೆ ಆಧಾರ. ಸಾಕ್ಷಿ ಎಂದರೆ ತನ್ನ ಸ್ವಂತ ಬದುಕಿನಲ್ಲಿ ಈ ನಂಬಿಕೆ ಏನು ಮಾಡಿತು ಎಂದು ಹೇಳುವುದು, ಅಥವಾ ಬಾಯಿಬಿಟ್ಟು ಹೇಳದೆ ನಡತೆಯಲ್ಲಿ ತೋರಿಸುವುದು. ಇವೆರಡೂ ಹೇಳುವವನ ಕಡೆಯ ಕೆಲಸ.

ಮತಾಂತರ ಕೇಳುವವನ ಕಡೆಯದು. ಒಬ್ಬ ವ್ಯಕ್ತಿ ತನ್ನ ಮನಸ್ಸಿನಿಂದ ನಂಬಿಕೆಯನ್ನು ಬದಲಿಸಿಕೊಳ್ಳುವ ತೀರ್ಮಾನ ಅದು. ಆ ತೀರ್ಮಾನಕ್ಕೆ ಚರ್ಚು ಕೊಡುವ ಹೊರಗಿನ ಗುರುತು ನೀರಿನ ಸಂಸ್ಕಾರ. ಕ್ಯಾಥೋಲಿಕರು ಅದನ್ನು ಜ್ಞಾನಸ್ನಾನ ಎನ್ನುತ್ತಾರೆ, ಪ್ರೊಟೆಸ್ಟಂಟರು ದೀಕ್ಷಾಸ್ನಾನ ಎನ್ನುತ್ತಾರೆ. ಸುವಾರ್ತೆ ಕೇಳಿದವರೆಲ್ಲ ಮತಾಂತರವಾಗುವುದಿಲ್ಲ. ಕೇಳಿ, ತಲೆದೂಗಿ, ತಮ್ಮ ಮನೆದೇವರ ಮುಂದೆ ದೀಪ ಹಚ್ಚಲು ಹೋಗುವವರೇ ಹೆಚ್ಚು.

ಹಾಗಾದರೆ ‘ಸಂಬಂಧದ ಮೂಲಕ’ ಎಂಬ ವಿಶೇಷಣ ಯಾಕೆ ಬಂತು? ಅದನ್ನು ತಿಳಿಯಲು ನಮ್ಮ ಜಿಲ್ಲೆಯ ಚರ್ಚುಗಳ ಪರಿಚಯ ಸ್ವಲ್ಪ ಬೇಕು.

## ಉತ್ತರ ಕನ್ನಡದ ಕ್ರೈಸ್ತರು ಯಾರು?

ಇಲ್ಲಿಯ ಕ್ರೈಸ್ತರಲ್ಲಿ ಬಹುಪಾಲು ಕೊಂಕಣಿ ಮಾತಾಡುವ ಕ್ಯಾಥೋಲಿಕರು. ಗೋವಾದಿಂದ ಬೇರೆ ಬೇರೆ ಕಾಲದಲ್ಲಿ ದಕ್ಷಿಣಕ್ಕೆ ಬಂದು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ನದೀಬಾಯಿಗಳ ಸುತ್ತ ನೆಲೆಸಿದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು. 17ನೇ ಶತಮಾನದಲ್ಲಿ ಕೆಳದಿಯ ನಾಯಕರಿಗೂ ಪೋರ್ಚುಗೀಸರಿಗೂ ವ್ಯಾಪಾರದ ಒಪ್ಪಂದಗಳಾದಾಗ ಈ ಕರಾವಳಿಯಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಕುಮಟಾ–ಹೊನ್ನಾವರದ ನಡುವಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಹೆಸರಿನ ಇಗರ್ಜಿ ಇದೆ. ಡಿಸೆಂಬರ್ 3ರ ಹಬ್ಬಕ್ಕೆ ಅಲ್ಲಿ ಮೇಣದಬತ್ತಿ ಹಚ್ಚುವವರಲ್ಲಿ ಹಿಂದೂಗಳೂ ಇರುತ್ತಾರೆ.

ಘಟ್ಟದ ಮೇಲೆ ಚಿತ್ರ ಬೇರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಿನಂಚಿನಲ್ಲಿ ಸಿದ್ದಿ ಸಮುದಾಯವಿದೆ. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಧರ್ಮ ಬೇರೆಯಾದರೂ ಸಿದ್ದಿಗಳೆಂಬ ಗುರುತು ಒಂದೇ. 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನವೂ ಅವರಿಗೆ ಸಿಕ್ಕಿತು. 1976ರಲ್ಲಿ ಬೆಳಗಾವಿಯಿಂದ ಬೇರ್ಪಡಿಸಿ ಕಾರವಾರ ಧರ್ಮಪ್ರಾಂತ್ಯವನ್ನು, ಅಂದರೆ ಒಬ್ಬ ಬಿಷಪರ ಆಡಳಿತದ ಕ್ಯಾಥೋಲಿಕ್ ಪ್ರದೇಶವನ್ನು, ರಚಿಸಿದರು. ಅಂದಿನಿಂದ ಕಡಲತಡಿಯ ಹಳೆಯ ಇಗರ್ಜಿಗಳೂ ಮಲೆನಾಡಿನ ಚಿಕ್ಕ ಧರ್ಮಕೇಂದ್ರಗಳೂ (ಊರಮಟ್ಟದ ಚರ್ಚು ಘಟಕಗಳೂ) ಒಬ್ಬರೇ ಧರ್ಮಾಧ್ಯಕ್ಷರ (ಬಿಷಪರ) ಕೆಳಗೆ ಬಂದವು.

ಪ್ರೊಟೆಸ್ಟಂಟರ ಸಂಖ್ಯೆ ಇಲ್ಲಿ ಚಿಕ್ಕದು. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್ನಿನ ಪ್ರಭಾವ ದಕ್ಷಿಣ ಕನ್ನಡದಲ್ಲೂ ಧಾರವಾಡ–ಹುಬ್ಬಳ್ಳಿಯಲ್ಲೂ ಆಳವಾಗಿ ಇಳಿಯಿತು. ನಡುವಿನ ನಮ್ಮ ಜಿಲ್ಲೆಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಇತ್ತೀಚಿನ ದಶಕಗಳಲ್ಲಿ ಪೆಂತೆಕೋಸ್ತ್ ಮತ್ತು ಸ್ವತಂತ್ರ ಸಭೆಗಳು ಪಟ್ಟಣಗಳಲ್ಲಿ ಶುರುವಾಗಿವೆ. ಕೆಲವು ಸಭೆಗಳಿಗೆ ಸ್ವಂತ ಕಟ್ಟಡವೂ ಇಲ್ಲದೆ ಮನೆಯ ಚಾವಡಿಯಲ್ಲೇ ಕೂಟ ನಡೆಯುತ್ತದೆ. ಜನ ‘ಚರ್ಚಿನವರು’ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಇವರ ರೂಢಿಗಳು ಬಹಳ ಬೇರೆ. ಒಂದು ಸಭೆಯ ನಡವಳಿಕೆಯನ್ನು ನೋಡಿ ಎಲ್ಲರನ್ನೂ ಅಳೆದರೆ ತಪ್ಪಾಗುತ್ತದೆ.

2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ. ಅದರಲ್ಲಿ ಕ್ರೈಸ್ತರು ಸುಮಾರು ಶೇ. 3. ನೂರು ಜನರಲ್ಲಿ ಮೂವರು ಎಂದರೆ, ಒಬ್ಬ ಕ್ರೈಸ್ತ ಹುಡುಗಿಯ ಶಾಲೆಯ ಗೆಳತಿಯರು, ಬಸ್ಸಿನ ಜೊತೆಗಾರರು, ಮುಂದೆ ಆಫೀಸಿನ ಸಹೋದ್ಯೋಗಿಗಳು ಹೆಚ್ಚುಕಡಿಮೆ ಎಲ್ಲರೂ ಬೇರೆ ಧರ್ಮದವರೇ. ಇಲ್ಲಿಯ ಕ್ರೈಸ್ತರಿಗೆ ನೆರೆಹೊರೆಯ ಸಂಬಂಧ ಹೊಸದಾಗಿ ಕಲಿಯಬೇಕಾದ ವಿದ್ಯೆ ಆಗಿರಲೇ ಇಲ್ಲ. ಅದನ್ನು ನಂಬಿಕೆಯ ಜೊತೆ ಹೇಗೆ ಜೋಡಿಸುವುದು ಎಂಬುದಷ್ಟೇ ಈಗಿನ ಚರ್ಚೆ.

## ದಾರಿ ಬದಲಾಗಿದ್ದು ಏಕೆ?

ಸುವಾರ್ತೆ ಸಾರುವುದೆಂದರೆ ಹಿಂದೆ ಸಂತೆಯಲ್ಲಿ ನಿಂತು ಬೋಧಿಸುವುದು, ಕರಪತ್ರ ಹಂಚುವುದು, ಮೈದಾನದಲ್ಲಿ ಮೈಕ್ ಕಟ್ಟಿ ದೊಡ್ಡ ಸಭೆ ಮಾಡುವುದು. ಹೇಳುವವನಿಗೂ ಕೇಳುವವನಿಗೂ ಗುರುತು ಪರಿಚಯ ಇರುತ್ತಿರಲಿಲ್ಲ. ಇವತ್ತಿಗೂ ಕೆಲವರು ಹಾಗೆ ಮಾಡುತ್ತಾರೆ. ಅನೇಕ ಚರ್ಚುಗಳು ಮಾತ್ರ ಅದರಿಂದ ದೂರ ಸರಿದಿವೆ.

ಕಾರಣ ತಿಳಿಯಲು ಒಂದು ದಿನನಿತ್ಯದ ಸಂಗತಿ ನೋಡಿ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೆ ಹೋಗಬೇಕೋ, ಹುಬ್ಬಳ್ಳಿಯ ಕಿಮ್ಸ್‌ಗೋ, ಗೋವಾದ ಬಾಂಬೋಳಿಗೋ ಎಂದು ಪ್ರತಿ ಮನೆಯಲ್ಲೂ ಚರ್ಚೆಯಾಗುತ್ತದೆ. ಆಗ ಯಾರೂ ಆಸ್ಪತ್ರೆಯ ಬೋರ್ಡು, ಜಾಹೀರಾತು ನೋಡಿ ತೀರ್ಮಾನಿಸುವುದಿಲ್ಲ. ಅಲ್ಲಿಗೆ ಹೋಗಿ ಗುಣವಾಗಿ ಬಂದ ಪಕ್ಕದ ಮನೆಯವರನ್ನು ಕೇಳುತ್ತಾರೆ. ಆ ಮಾತಿಗೆ ಬೆಲೆ ಯಾಕೆಂದರೆ ಅವರ ಕಷ್ಟವನ್ನು ನಾವು ನೋಡಿದ್ದೇವೆ, ಅವರು ಸುಳ್ಳು ಹೇಳುವವರಲ್ಲ ಎಂದು ವರ್ಷಗಳಿಂದ ಗೊತ್ತು, ಹೇಳಿದ್ದಕ್ಕೆ ಅವರಿಗೆ ಒಂದು ಪೈಸೆಯೂ ಸಿಗುವುದಿಲ್ಲ. ಅದೇ ಮಾತನ್ನು ಕಮಿಷನ್ನಿಗೆ ಓಡಾಡುವ ಏಜೆಂಟ್ ಹೇಳಿದರೆ? ಶಬ್ದ ಅದೇ ಇರಬಹುದು, ಕಿವಿ ಬೇರೆಯಾಗುತ್ತದೆ.

ಸಂಬಂಧದ ಸುವಾರ್ತೆಯ ಒಟ್ಟು ತರ್ಕ ಇಷ್ಟೇ. ನಂಬಿಕೆಯಂಥ ಆಳದ ವಿಷಯವನ್ನು ಅಪರಿಚಿತನ ಬಾಯಿಂದ ಕೇಳಿ ಯಾರೂ ಒಪ್ಪುವುದಿಲ್ಲ. ಹೇಳುವವನ ಬದುಕು ಮೊದಲು ಕಾಣಬೇಕು. ಪೋಪ್ 6ನೇ ಪೌಲರು 1975ರಲ್ಲಿ ಬರೆದ ಪತ್ರದಲ್ಲಿ ಇದೇ ವಿಚಾರವಿದೆ: ಇಂದಿನ ಮನುಷ್ಯ ಬೋಧಕರಿಗಿಂತ ಸಾಕ್ಷಿಗಳ ಮಾತನ್ನು ಹೆಚ್ಚು ಮನಸ್ಸಿಟ್ಟು ಕೇಳುತ್ತಾನೆ, ಬೋಧಕರ ಮಾತು ಕೇಳಿದರೂ ಅವರು ಸಾಕ್ಷಿಗಳಾಗಿರುವುದರಿಂದಲೇ ಕೇಳುತ್ತಾನೆ ಎಂದು. ಪ್ರೊಟೆಸ್ಟಂಟರಲ್ಲಿ ಇದೇ ಆಲೋಚನೆ ಬೇರೆ ರೂಪದಲ್ಲಿ ಬೆಳೆಯಿತು. 1977ರಲ್ಲಿ ಲಂಡನ್ನಿನ ಒಂದು ಆಂಗ್ಲಿಕನ್ ಚರ್ಚಿನಲ್ಲಿ ಹೊಸ ಕ್ರೈಸ್ತರಿಗಾಗಿ ಆರಂಭವಾದ ‘ಆಲ್ಫಾ’ ಕೋರ್ಸು 1990ರ ದಶಕದಲ್ಲಿ ಚರ್ಚಿನ ಹೊರಗಿನವರಿಗಾಗಿ ರೂಪ ಬದಲಿಸಿ ಜಗತ್ತಿನ ಅನೇಕ ದೇಶಗಳಿಗೆ ಹರಡಿತು. ಅದರ ಕ್ರಮ ಸರಳ: ಮೊದಲು ಒಟ್ಟಿಗೆ ಊಟ, ಆಮೇಲೆ ಒಂದು ಭಾಷಣ, ಕೊನೆಗೆ ಚಿಕ್ಕ ಗುಂಪಿನಲ್ಲಿ ಏನು ಬೇಕಾದರೂ ಕೇಳಬಹುದಾದ ಮಾತುಕತೆ.

## ಬೈಬಲಿನಲ್ಲಿ ಇದರ ಬೇರು

ಇದು 20ನೇ ಶತಮಾನದ ಕಂಡುಹಿಡಿತವೇನಲ್ಲ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಅಂದ್ರೆಯ ತನ್ನ ಸಹೋದರ ಸೀಮೋನನನ್ನು ಹುಡುಕಿ ಯೇಸುವಿನ ಬಳಿಗೆ ಕರೆತರುತ್ತಾನೆ. ಫಿಲಿಪ್ಪ ತನ್ನ ಪರಿಚಯದ ನತಾನಯೇಲನಿಗೆ ಹೇಳುತ್ತಾನೆ. ‘ನಜರೇತಿನಿಂದ ಒಳ್ಳೆಯದು ಬರುವುದುಂಟೇ?’ ಎಂದು ನತಾನಯೇಲ ಮೂಗು ಮುರಿಯುತ್ತಾನೆ. ಫಿಲಿಪ್ಪ ವಾದಕ್ಕೆ ಇಳಿಯುವುದಿಲ್ಲ. ‘ಬಂದು ನೋಡು’ ಎನ್ನುತ್ತಾನೆ, ಅಷ್ಟೇ. ಬಾವಿಯ ಬಳಿ ಯೇಸುವಿನ ಜೊತೆ ಮಾತಾಡಿದ ಸಮಾರ್ಯದ ಹೆಂಗಸು ಕೊಡ ಅಲ್ಲೇ ಬಿಟ್ಟು ತನ್ನ ಊರಿಗೇ ಓಡುತ್ತಾಳೆ. ಫಿಲಿಪ್ಪಿ ಪಟ್ಟಣದಲ್ಲಿ ದುಬಾರಿ ಬಣ್ಣದ ಬಟ್ಟೆ ಮಾರುತ್ತಿದ್ದ ಲುದ್ಯ ಎಂಬವಳು ತನ್ನ ಇಡೀ ಮನೆಯವರೊಂದಿಗೆ ನಂಬಿಕೆಗೆ ಬಂದು, ಆದಿ ಚರ್ಚಿನ ಬೋಧಕ ಪೌಲನಿಗೆ ತನ್ನ ಮನೆಯಲ್ಲೇ ಉಳಿಯಲು ಒತ್ತಾಯಿಸುತ್ತಾಳೆ. ಮೊದಲ ಶತಮಾನದ ಚರ್ಚು ಹರಡಿದ್ದು ಹೀಗೆ ಮನೆ, ನೆಂಟರು, ವ್ಯಾಪಾರದ ಪರಿಚಯಗಳ ದಾರಿಯಲ್ಲಿ.

ಆದರೆ ಈ ವಿಧಾನದ ಹೃದಯ ಇರುವುದು ‘ಬಂದವರ’ ಕಥೆಗಳಲ್ಲಿ ಮಾತ್ರ ಅಲ್ಲ. ಬಾರದೆ ಹೋದವರ ಕಥೆಗಳನ್ನು ಓದಬೇಕು. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಒಬ್ಬ ಶ್ರೀಮಂತ ಓಡಿಬಂದು ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಯೇಸು ಅವನನ್ನು ನೋಡಿ ಪ್ರೀತಿಸಿದ ಎಂದು ಮಾರ್ಕ ಬರೆಯುತ್ತಾನೆ. ಆಮೇಲೆ ಆಸ್ತಿ ಮಾರಿ ಬಡವರಿಗೆ ಕೊಟ್ಟು ಬಾ ಎಂಬ ಕಠಿಣ ಮಾತು ಬರುತ್ತದೆ. ಆ ಮನುಷ್ಯ ಮುಖ ಸಪ್ಪೆ ಮಾಡಿಕೊಂಡು ಹೊರಟುಹೋಗುತ್ತಾನೆ. ಯೇಸು ಅವನ ಹಿಂದೆ ಓಡುವುದಿಲ್ಲ, ಷರತ್ತನ್ನು ಸಡಿಲಿಸುವುದಿಲ್ಲ, ಶಪಿಸುವುದೂ ಇಲ್ಲ. ಲೂಕನ 17ನೇ ಅಧ್ಯಾಯದಲ್ಲಿ ಹತ್ತು ಕುಷ್ಠರೋಗಿಗಳು ವಾಸಿಯಾಗುತ್ತಾರೆ. ತಿರುಗಿ ಬಂದವನು ಒಬ್ಬನೇ, ಅವನೂ ಪರಜಾತಿಯವನೆನಿಸಿಕೊಂಡ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾನೆ. ಆದರೂ ಅವರ ಆರೋಗ್ಯವನ್ನು ವಾಪಸ್ ಕಿತ್ತುಕೊಂಡ ಎಂದು ಎಲ್ಲೂ ಇಲ್ಲ. ಕೊಟ್ಟದ್ದು ಕೊಟ್ಟದ್ದೇ.

ಈ ಎರಡು ಪ್ರಸಂಗಗಳನ್ನು ಪಕ್ಕಕ್ಕಿಟ್ಟು ಸ್ನೇಹದ ಸುವಾರ್ತೆಯ ಬಗ್ಗೆ ಯಾರು ಮಾತಾಡಿದರೂ ಆ ಮಾತು ಅರ್ಧವೇ ಎಂದು ನಾನು ನಂಬುತ್ತೇನೆ.

## ಊರಿನಲ್ಲಿ ಇದು ಹೇಗೆ ನಡೆಯುತ್ತದೆ?

ಹೊರಗಿನಿಂದ ನೋಡಿದರೆ ಇಲ್ಲಿ ನೋಡುವಂಥದ್ದೇನೂ ಇರುವುದಿಲ್ಲ. ಸಾಮಾನ್ಯವಾಗಿ ಅದು ಪ್ರಾರ್ಥನೆಯಿಂದ ಶುರುವಾಗುತ್ತದೆ. ತಾನು ದಿನಾ ಕಾಣುವ ಮೂರು ನಾಲ್ಕು ಜನರ ಹೆಸರು ಹಿಡಿದು, ಅವರ ಆರೋಗ್ಯ, ಮಕ್ಕಳ ಪರೀಕ್ಷೆ, ಸಾಲದ ಚಿಂತೆಗಳಿಗಾಗಿ ಒಬ್ಬ ವಿಶ್ವಾಸಿ ಪ್ರಾರ್ಥಿಸುತ್ತಾನೆ. ಹೆಸರು ಹಿಡಿದು ಪ್ರಾರ್ಥಿಸಿದವರನ್ನು ಮರೆಯುವುದು ಕಷ್ಟ. ಎದುರು ಸಿಕ್ಕಾಗ ‘ಅಮ್ಮನ ಮಂಡಿನೋವು ಹೇಗಿದೆ?’ ಎಂದು ತಾನಾಗಿ ಬಾಯಿಗೆ ಬರುತ್ತದೆ.

ಆಮೇಲಿನದು ಸಮಯ ಕೊಡುವುದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟುಗಳು ಲಂಗರು ಹಾಕಿ ನಿಲ್ಲುತ್ತವೆ. ಕೈಯಲ್ಲಿ ಕೆಲಸವಿಲ್ಲ, ಮನೆಯಲ್ಲಿ ದುಡ್ಡಿಲ್ಲ, ಹೊರಗೆ ಮಳೆ ಬಿಡುವುದಿಲ್ಲ. ಅಂಥ ದಿನಗಳಲ್ಲಿ ಒಬ್ಬರ ಮನೆಯ ಜಗುಲಿಯಲ್ಲಿ ಕೂತು ಅವರ ಕಷ್ಟಸುಖ ಪೂರ್ತಿ ಕೇಳಿಸಿಕೊಳ್ಳುವುದು ಒಂದು ಗಂಟೆಯ ಬೋಧನೆಗಿಂತ ದೊಡ್ಡದು. ಆಸ್ಪತ್ರೆಗೆ ಜೊತೆಯಾಗಿ ಹೋಗುವುದು, ರಕ್ತ ಕೊಡುವುದು, ಹೆಣ ಬಂದ ಮನೆಯಲ್ಲಿ ರಾತ್ರಿಯಿಡೀ ಕೂರುವುದು ಇದೇ ಸಾಲಿನವು. ಇದರಲ್ಲಿ ಹೊಸತೇನಿದೆ ಎಂದು ನೀವು ಕೇಳಬಹುದು. ನಮ್ಮೂರಿನ ಹಾಲಕ್ಕಿ ಒಕ್ಕಲಿಗರು, ಖಾರ್ವಿಗಳು, ಹವ್ಯಕರು, ನವಾಯತರು ಎಲ್ಲರೂ ಇದನ್ನು ಮಾಡುತ್ತಾರೆ. ನಿಜ. ಕ್ರೈಸ್ತ ವಿಶ್ವಾಸಿ ಇದನ್ನು ತನ್ನ ದೇವರ ಪ್ರೀತಿಗೆ ಕೊಡುವ ಉತ್ತರವಾಗಿ ಮಾಡುತ್ತಾನೆ, ಯಾಕೆ ಮಾಡಿದೆ ಎಂದು ಯಾರಾದರೂ ಕೇಳಿದರೆ ಆ ಕಾರಣವನ್ನು ಮುಚ್ಚಿಡುವುದಿಲ್ಲ. ಮಾತು ಬರುವುದು ಅಲ್ಲಿ. ಪೇತ್ರನ ಮೊದಲ ಪತ್ರದಲ್ಲಿ ಹೇಳಿರುವುದೂ ಇದನ್ನೇ: ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕವಾಗಿ, ಗೌರವದಿಂದ.

ಹಬ್ಬಗಳ ಪಾತ್ರ ದೊಡ್ಡದು. ಸೆಪ್ಟೆಂಬರ್ 8ರ ಮರಿಯಮ್ಮನ ಜನ್ಮದಿನಕ್ಕೆ ಕೊಂಕಣಿ ಕ್ಯಾಥೋಲಿಕರು ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಚೌತಿ ಬರುತ್ತದೆ. ಕಾರವಾರ ಕಡೆ ನೆವ್ರಿ ಎಂಬ ಕರಿದ ಸಿಹಿ ಕಡುಬು ಚೌತಿಗೂ ಬೇಕು, ಕ್ರಿಸ್ಮಸ್ಸಿಗೂ ಬೇಕು. ತಟ್ಟೆ ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಅದರಿಂದ ಎಷ್ಟೋ ಮನಸ್ಸು ಮುರಿದಿರುವುದರಿಂದ ಬಿಡಿಸಿ ಹೇಳುತ್ತೇನೆ. ಚೌತಿಯ ಮನೆಗೆ ಬಂದ ಕ್ರೈಸ್ತ ಗೆಳೆಯ ಚಕ್ಕುಲಿ ತಿನ್ನುತ್ತಾನೆ, ಪ್ರಸಾದ ಕೊಟ್ಟರೆ ಹಿಂಜರಿಯುತ್ತಾನೆ. ಅದು ಅವಮಾನದ ಗುರುತಲ್ಲ. ದೇವರಿಗೆ ಅರ್ಪಿಸಿದ ಆಹಾರದ ಪ್ರಶ್ನೆ ಮೊದಲ ಶತಮಾನದ ಕೊರಿಂಥ ಪಟ್ಟಣದಲ್ಲೇ ಎದ್ದಿತ್ತು. ಪೌಲ ತನ್ನ ಪತ್ರದಲ್ಲಿ ಅದಕ್ಕೆ ಎರಡು ಮೂರು ಅಧ್ಯಾಯ ಕೊಟ್ಟಿದ್ದಾನೆ: ಊಟಕ್ಕೆ ಕರೆದರೆ ಹೋಗು, ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನು, ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಬಿಡು. ಇದನ್ನು ಇವತ್ತು ಬೇರೆ ಬೇರೆ ಸಭೆಗಳು ಬೇರೆ ಬೇರೆ ರೀತಿ ಪಾಲಿಸುತ್ತವೆ. ಕೆಲವರು ಗೌರವದಿಂದ ತೆಗೆದುಕೊಳ್ಳುತ್ತಾರೆ, ಕೆಲವರು ಕೈಮುಗಿದು ಬೇಡವೆನ್ನುತ್ತಾರೆ. ಬೇಡವೆನ್ನುವವರು ಮೊದಲೇ ಮೃದುವಾಗಿ ಕಾರಣ ಹೇಳಿಬಿಟ್ಟರೆ ಅರ್ಧ ನೋವು ತಪ್ಪುತ್ತದೆ. ಅಂಥ ಗೆಳೆಯ ಚೌತಿಗೆ ಬರುವುದನ್ನೇ ಬಿಟ್ಟು, ತನ್ನ ಕ್ರಿಸ್ಮಸ್ಸಿಗೆ ಮಾತ್ರ ಎಲ್ಲರನ್ನೂ ಕರೆದರೆ ಅದಕ್ಕೆ ಸಂಬಂಧ ಎಂಬ ಹೆಸರು ಸಲ್ಲುವುದಿಲ್ಲ. ದಾರಿ ಎರಡೂ ಕಡೆಗೆ ತೆರೆದಿರಬೇಕು.

ಚರ್ಚಿನ ಒಳಗೆ ಇದಕ್ಕೊಂದು ವ್ಯವಸ್ಥೆಯೂ ಇದೆ. ಕ್ಯಾಥೋಲಿಕ್ ಧರ್ಮಕೇಂದ್ರಗಳನ್ನು ಹತ್ತಿಪ್ಪತ್ತು ಮನೆಗಳ ವಾಡೊಗಳಾಗಿ, ಕಿರು ಕ್ರೈಸ್ತ ಸಮುದಾಯಗಳಾಗಿ ವಿಂಗಡಿಸಿರುತ್ತಾರೆ. ಆ ಮನೆಗಳವರು ಸರದಿಯಂತೆ ಒಂದೊಂದು ಮನೆಯಲ್ಲಿ ಸೇರಿ ಬೈಬಲ್ ಓದಿ, ಬೀದಿಯಲ್ಲಿ ಯಾರಿಗೆ ಏನು ಕಷ್ಟವಿದೆ ಎಂದು ಮಾತಾಡಿಕೊಳ್ಳುತ್ತಾರೆ. ಸಣ್ಣ ಪ್ರೊಟೆಸ್ಟಂಟ್ ಸಭೆಗಳಲ್ಲಿ ಇದೇ ಕೆಲಸ ವಾರದ ಮನೆಕೂಟದಲ್ಲಿ ನಡೆಯುತ್ತದೆ.

## ಗೆರೆ ಎಲ್ಲಿದೆ?

ಈಗ ಕಠಿಣ ಪ್ರಶ್ನೆ. ಕೊನೆಗೆ ಚರ್ಚಿಗೆ ಕರೆತರಬೇಕು ಎಂಬ ಆಸೆ ಇಟ್ಟುಕೊಂಡು ಮಾಡುವ ಸ್ನೇಹ ನಿಜವಾದ ಸ್ನೇಹವೇ? ಹೊರಗಿನವರ ಅನುಮಾನ ಇದರ ಸುತ್ತಲೇ ಇದೆ, ಅದಕ್ಕೆ ಕಾರಣವೂ ಇದೆ. ಕಾಯಿಲೆಯ, ಬಡತನದ ಹೊತ್ತಿನಲ್ಲಿ ಬಂದು ನೆರವಿನ ಜೊತೆಗೆ ಷರತ್ತು ಹಾಕಿದವರ ಕಥೆಗಳನ್ನು ಜನ ಕೇಳಿದ್ದಾರೆ.

ಚರ್ಚುಗಳ ಸ್ವಂತ ನಿಯಮಗಳು ಇಲ್ಲಿ ಸ್ಪಷ್ಟವಾಗಿವೆ. 1965ರಲ್ಲಿ ಕ್ಯಾಥೋಲಿಕ್ ಬಿಷಪರ ಜಾಗತಿಕ ಸಮಾವೇಶವಾದ 2ನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದಾಖಲೆ, ಯಾರನ್ನೂ ಬಲವಂತದಿಂದ ಅಥವಾ ಅಯೋಗ್ಯ ತಂತ್ರಗಳಿಂದ ಸೆಳೆದು ನಂಬಿಕೆಗೆ ತರುವುದನ್ನು ಚರ್ಚು ನಿಷೇಧಿಸುತ್ತದೆ ಎಂದಿದೆ. ಕ್ಯಾಥೋಲಿಕ್ ಧರ್ಮಸಂಹಿತೆಯ 748ನೇ ನಿಯಮವೂ ಒಬ್ಬರ ಮನಸ್ಸಾಕ್ಷಿಗೆ ವಿರುದ್ಧವಾಗಿ ಒತ್ತಾಯಿಸುವುದನ್ನು ಒಪ್ಪುವುದಿಲ್ಲ. 2011ರಲ್ಲಿ ವ್ಯಾಟಿಕನ್ನಿನ ಅಂತರ್‌ಧರ್ಮೀಯ ಸಂವಾದ ವಿಭಾಗ, ಜಾಗತಿಕ ಚರ್ಚುಗಳ ಒಕ್ಕೂಟ ಮತ್ತು ಜಾಗತಿಕ ಇವಾಂಜೆಲಿಕಲ್ ಮೈತ್ರಿಕೂಟ ಸೇರಿ ಒಂದು ನಡತೆಯ ಸೂತ್ರವನ್ನು ಪ್ರಕಟಿಸಿದವು. ಸಾಮಾನ್ಯವಾಗಿ ಒಂದೇ ಮೇಜಿಗೆ ಬಾರದ ಮೂರು ಧಾರೆಗಳು ಒಟ್ಟಾಗಿ ಒಪ್ಪಿದ ಮಾತುಗಳಿವು: ಬಡತನ ಮತ್ತು ಕೊರತೆಯನ್ನು ದುರುಪಯೋಗ ಮಾಡಬಾರದು, ಆರ್ಥಿಕ ಆಮಿಷ ಒಡ್ಡಬಾರದು, ವಂಚನೆ ಕೂಡದು, ಗುಣಪಡಿಸುವ ಪ್ರಾರ್ಥನೆಯಲ್ಲೂ ರೋಗಿಯ ದುರ್ಬಲತೆಯನ್ನು ಬಳಸಿಕೊಳ್ಳಬಾರದು, ಬೇರೆ ಧರ್ಮದವರ ಬಗ್ಗೆ ಸುಳ್ಳು ಹೇಳಬಾರದು.

ಇದನ್ನು ಓಣಿಯ ಮಟ್ಟಕ್ಕೆ ಇಳಿಸಿದರೆ ಪರೀಕ್ಷೆ ಒಂದೇ. ಎದುರಿನವರು ‘ಬೇಡ’ ಎಂದ ಮರುದಿನ ಏನಾಗುತ್ತದೆ? ‘ನಿಮ್ಮ ಪ್ರಾರ್ಥನೆಗೆ ಬರಲು ನನಗೆ ಇಷ್ಟವಿಲ್ಲ’ ಎಂದ ಮೇಲೂ ಅದೇ ಮನುಷ್ಯ ಆಸ್ಪತ್ರೆಗೆ ಜೊತೆಗೆ ಬರುತ್ತಾನೆ, ಅದೇ ಅಕ್ಕ ಮಗುವನ್ನು ಶಾಲೆಯಿಂದ ಕರೆತರುತ್ತಾಳೆ ಎಂದಾದರೆ ಅದು ಸ್ನೇಹ. ಭೇಟಿ ನಿಂತಿತು, ಫೋನು ಎತ್ತುವುದು ಕಡಿಮೆಯಾಯಿತು ಎಂದಾದರೆ ಅದು ಏಜೆಂಟಿನ ಕೆಲಸವಾಗಿತ್ತು ಎಂದೇ ಅರ್ಥ, ಆ ಕೆಲಸಕ್ಕೆ ಎಷ್ಟೇ ಪವಿತ್ರ ಹೆಸರಿಟ್ಟರೂ ಸರಿ. ಔಷಧಿ ನಿಲ್ಲಿಸಿ ಪ್ರಾರ್ಥನೆ ಮಾತ್ರ ಮಾಡಿ ಎನ್ನುವುದು, ತಂದೆತಾಯಿಗೆ ತಿಳಿಸದೆ ಮಕ್ಕಳನ್ನು ಕರೆದುಕೊಂಡು ಹೋಗುವುದು, ಕೊಟ್ಟ ಸಾಲವನ್ನು ನೆನಪಿಸಿ ಕೂಟಕ್ಕೆ ಕರೆಯುವುದು, ಇವು ಗೆರೆ ದಾಟಿದ ಗುರುತುಗಳು. ಇಂಥದ್ದು ಕಂಡರೆ ಆ ಸಭೆಯ ಹಿರಿಯರಿಗೆ, ಧರ್ಮಕೇಂದ್ರದ ಗುರುಗಳಿಗೆ ನೇರವಾಗಿ ಹೇಳುವುದು ಒಳ್ಳೆಯದು.

ಆಸೆ ಇರುವುದೇ ತಪ್ಪೇ? ಅಲ್ಲ ಎಂಬುದು ನನ್ನ ತಿಳಿವಳಿಕೆ. ತನಗೆ ಅಮೂಲ್ಯವಾದದ್ದನ್ನು ಗೆಳೆಯನಿಗೆ ಹೇಳಬೇಕೆನಿಸುವುದು ಮನುಷ್ಯ ಸಹಜ. ಆ ಆಸೆಯನ್ನು ಬಚ್ಚಿಟ್ಟುಕೊಂಡರೆ ಕಪಟವಾಗುತ್ತದೆ, ಹೇರಿದರೆ ಬಲವಂತವಾಗುತ್ತದೆ. ಹೇಳಿ, ಗೆಳೆಯನ ತೀರ್ಮಾನವನ್ನು ಅವನಿಗೇ ಬಿಡುವುದು ಇವೆರಡರ ನಡುವಿನ ಕಿರಿದಾದ ದಾರಿ.

## ಕಾನೂನು ಏನು ಹೇಳುತ್ತದೆ?

ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ, ತನ್ನ ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿಗಳಿವೆ. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರಿಸಿತು: ತನ್ನ ಧರ್ಮದ ತತ್ವಗಳನ್ನು ತಿಳಿಸಿ ಹರಡಬಹುದು, ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ತನ್ನ ಮೂಲಭೂತ ಹಕ್ಕು ಎಂದು ಹೇಳುವಂತಿಲ್ಲ.

ಕರ್ನಾಟಕದಲ್ಲಿ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರಿನಲ್ಲಿ ಕಾಯ್ದೆಯಾಗಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾನೂನು ಬಂತು. ಬಲವಂತ, ವಂಚನೆ, ಅನುಚಿತ ಪ್ರಭಾವ, ಆಮಿಷ, ಮದುವೆಯ ಭರವಸೆಗಳಿಂದ ಮಾಡುವ ಮತಾಂತರವನ್ನು ಅದು ಅಪರಾಧವೆನ್ನುತ್ತದೆ. ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣಗಳೂ ಆಮಿಷದ ವ್ಯಾಖ್ಯೆಯಲ್ಲಿ ಬರುತ್ತವೆ. ಮತಾಂತರ ಹೊಂದುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕನಿಷ್ಠ 30 ದಿನ ಮೊದಲು ತಿಳಿಸಬೇಕೆಂಬ ನಿಯಮವೂ ಅದರಲ್ಲಿದೆ. 2023ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಇದನ್ನು ಹಿಂಪಡೆಯಲು ತೀರ್ಮಾನಿಸಿತು. ಸಂಪುಟದ ತೀರ್ಮಾನದಿಂದಷ್ಟೇ ಒಂದು ಕಾಯ್ದೆ ರದ್ದಾಗುವುದಿಲ್ಲ, ಅದಕ್ಕೆ ವಿಧಾನಮಂಡಲದ ಒಪ್ಪಿಗೆ ಬೇಕು.

ನೆರೆಯವರನ್ನು ಕ್ರಿಸ್ಮಸ್ ಊಟಕ್ಕೆ ಕರೆಯುವುದಾಗಲಿ, ಕರೆದಾಗ ಹೋಗುವುದಾಗಲಿ ಮತಾಂತರವಲ್ಲ.

## ಒಬ್ಬರು ನಿಜವಾಗಿ ನಂಬಿಕೆಗೆ ಬರಬೇಕೆಂದರೆ?

ಒಂದು ರಾತ್ರಿಯಲ್ಲಿ ಆಗುವ ಕೆಲಸ ಇದು ಎಂದು ಅನೇಕರು ತಿಳಿದಿದ್ದಾರೆ. ಕ್ಯಾಥೋಲಿಕ್ ಚರ್ಚಿನಲ್ಲಿ ವಯಸ್ಕರಿಗೆ ಹಂತಹಂತವಾದ ದೀರ್ಘ ಸಿದ್ಧತೆ ಇದೆ. ಮೊದಲ ಶತಮಾನಗಳ ಈ ಪದ್ಧತಿಯನ್ನು 2ನೇ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ, ಮತ್ತೆ ರೂಢಿಗೆ ತಂದರು. ವಿಚಾರಿಸುವ ಹಂತ, ಕಲಿಯುವ ಹಂತ, ಕೊನೆಗೆ ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಜ್ಞಾನಸ್ನಾನ. ಇದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ನಡುವೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಪ್ರೊಟೆಸ್ಟಂಟ್ ಸಭೆಗಳಲ್ಲೂ ದೀಕ್ಷಾಸ್ನಾನಕ್ಕೆ ಮುಂಚೆ ಪಾಠಗಳಿರುತ್ತವೆ. ಅವಧಿ ಸಭೆಯಿಂದ ಸಭೆಗೆ ಬದಲಾಗುತ್ತದೆ. ಅವಸರ ಮಾಡುವ ಸಭೆಗಳೂ ಇವೆ. ಅವಸರ ಕಂಡಲ್ಲಿ ಪ್ರಶ್ನೆ ಕೇಳುವುದು ಸರಿ.

## ಕರೆ ಬಂದಿದೆ, ಹೋಗುವುದಾದರೆ

ಹೋಗಬೇಕೆನಿಸಿದರೆ ಹೋಗಿ, ಬೇಡವೆನಿಸಿದರೆ ನೇರವಾಗಿ ಹೇಳಿ. ಹೋದಲ್ಲಿ ನಿಮ್ಮಿಂದ ಯಾರೂ ಸಹಿ, ಹಣ, ಆಧಾರ್ ನಂಬರು ಕೇಳಬಾರದು. ಕೆಲವು ಚರ್ಚುಗಳಲ್ಲಿ ಚಪ್ಪಲಿ ಹೊರಗೆ ಬಿಡುತ್ತಾರೆ, ಕೆಲವೆಡೆ ಇಲ್ಲ. ಮುಂದಿನವರನ್ನು ನೋಡಿ ಮಾಡಿ. ಎಲ್ಲರೂ ಎದ್ದಾಗ ಎದ್ದು ನಿಂತರೆ ಸಾಕು, ಮೊಣಕಾಲೂರುವ ಅಗತ್ಯವಿಲ್ಲ, ಬಾರದ ಪ್ರಾರ್ಥನೆ ಹೇಳಬೇಕಿಲ್ಲ. ಕಾಣಿಕೆಯ ಚೀಲ ಬಂದರೆ ಹಾಕಲೇಬೇಕೆಂದಿಲ್ಲ. ಕ್ಯಾಥೋಲಿಕ್ ಬಲಿಪೂಜೆಯ (ಮಾಸ್) ಕೊನೆಯಲ್ಲಿ ಜನ ಸಾಲಾಗಿ ಹೋಗಿ ಪರಮಪ್ರಸಾದ, ಅಂದರೆ ಪವಿತ್ರಗೊಳಿಸಿದ ರೊಟ್ಟಿ, ಸ್ವೀಕರಿಸುತ್ತಾರೆ. ಅದು ಅವರ ಚರ್ಚಿನಲ್ಲಿ ದೀಕ್ಷೆ ಪಡೆದವರಿಗೆ ಮಾತ್ರ, ಆದ್ದರಿಂದ ಆಗ ನಿಮ್ಮ ಜಾಗದಲ್ಲೇ ಕುಳಿತಿರಿ. ಯಾರೂ ತಪ್ಪು ತಿಳಿಯುವುದಿಲ್ಲ. ನಡುವೆ ಏನಾದರೂ ಅರ್ಥವಾಗದಿದ್ದರೆ ಕರೆದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ‘ನನ್ನನ್ನು ಯಾಕೆ ಕರೆದಿರಿ?’ ಎಂಬುದನ್ನೂ ಕೇಳಬಹುದು.